ಚಪ್ಪಡಿಯ ಮೇಲಿಂದ ಎದ್ದವಳು

ಅವಳು ಕೊಡಗಳನ್ನು ಮುಂದೆ ತಳ್ಳುತ್ತಿದ್ದಳು.

ಒಂದೊಂದಾಗಿ, ಗೇಣು ಗೇಣಾಗಿ. ನಲ್ಲಿಯ ಕೆಳಗಿನ ಕೊಡ ತುಂಬಿ ಮೇಲೆದ್ದರೆ ಹಿಂದಿನದು ಅದರ ಜಾಗಕ್ಕೆ, ಅದರ ಹಿಂದಿನದು ಇದರ ಜಾಗಕ್ಕೆ. ಮಡಿಲಲ್ಲಿ ಗುಂಡಿ ಹಾಕಬೇಕಾದ ಅಂಗಿಗಳು. ಅಂಗಿಗೆ ಚುಚ್ಚಿಟ್ಟ ಸೂಜಿ. ಬಾಯಲ್ಲಿ ಮಾತಿಲ್ಲ.

ಆ ಓಣಿಯಲ್ಲಿ ಎಪ್ಪತ್ತು ಮನೆ, ಒಂದೇ ನಲ್ಲಿ. ದಿನ ಬಿಟ್ಟು ದಿನ, ಬೆಳಿಗ್ಗೆ ಹತ್ತರಿಂದ ಹನ್ನೆರಡು. ಹೆಚ್ಚಿನವರು ಕೆಲಸಕ್ಕೆ ಹೋಗಿರುವ ಹೊತ್ತು ಅದು. ಹಾಗಾಗಿ ಮನುಷ್ಯರ ಬದಲು ಅವರ ಸಾಮಾನುಗಳು ಸಾಲು ನಿಲ್ಲುತ್ತಿದ್ದವು. ಹತ್ತಿರ ಯಾರಿದ್ದರೂ ಸರಿ, ಇಲ್ಲದವರ ಸಾಮಾನನ್ನೂ ಮುಂದೆ ತಳ್ಳಬೇಕು. ಜಗಳವಾಡಿ ಮಾತು ಬಿಟ್ಟವರದ್ದನ್ನೂ ತಳ್ಳಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಯಾರೂ ಮೀರಿರಲೂ ಇಲ್ಲ.

ಅಲ್ಲಿ ಹೆಚ್ಚು ಹೊತ್ತು ಇರುತ್ತಿದ್ದವಳು ಇವಳೇ. ಇವಳ ಏಳನೇ ತರಗತಿ ಮುಗಿದ ವರ್ಷ ನೀರು ಬಿಡುವ ಹೊತ್ತು ಬದಲಾಯಿತು. ಶಾಲೆಯ ಗಂಟೆಯೂ ನಲ್ಲಿಯ ಸದ್ದೂ ಒಟ್ಟಿಗೇ ಕೇಳತೊಡಗಿದವು. ಅಮ್ಮ ಒಂದು ಬೆಳಿಗ್ಗೆ, "ಇವತ್ತೊಂದು ದಿನ ಇರು ಮಗಳೇ" ಅಂದಳು.

ಆ ಒಂದು ದಿನಕ್ಕೆ ಈಗ ಎಂಟು ವರ್ಷ.

ದನಿ ಯಾವತ್ತೂ ಪಿಸುಮಾತಿಗಿಂತ ಮೇಲೇಳದ ಕಾರಣ ಓಣಿಯವರೆಲ್ಲ ಅವಳನ್ನು ಪಿಸು ಅಂತಲೇ ಕರೆಯುತ್ತಿದ್ದರು.

ಆ ದಿನ ಅವಳು ತಲೆ ಎತ್ತಿದಾಗ ಸಾಲಿನೊಳಗೆ ಒಂದು ಅಪರಿಚಿತ ಕೈ ಇತ್ತು. ಅದು ತಳ ಒಡೆದ ಒಂದು ಕೊಡವನ್ನು ಎತ್ತಿ ಪಕ್ಕಕ್ಕಿಟ್ಟಿತು.

ಪಿಸು ಎದ್ದು ಬಂದಳು. ಕೊಡವನ್ನು ಎತ್ತಿ ಮೊದಲಿದ್ದ ಜಾಗದಲ್ಲೇ ಇಟ್ಟಳು.

"ಅದು ಒಡೆದಿದೆ ರೀ," ಅಂದ ಅವನು. ಹೆಗಲಿಗೆ ಚೀಲ, ಕೈಯಲ್ಲಿ ಕಾಗದದ ಕಟ್ಟು. "ನೋಡಿ, ತಳದಲ್ಲಿ ಬೆರಳು ಹೋಗುತ್ತೆ."

"ಅದು ಕೊಡ ಅಲ್ಲ."

"ಮತ್ತೆ?"

"ನಮ್ಮಮ್ಮ."

ಅವನು ಕೊಡವನ್ನು ನೋಡಿದ. ಅವಳನ್ನು ನೋಡಿದ.

"ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸೋಕೆ ಹೋಗಿದಾಳೆ. ಅವಳ ಜಾಗಕ್ಕೆ ಇದು. ಸರದಿ ಬಂದಾಗ ಒಳ್ಳೇ ಕೊಡ ತರ್ತೀನಿ."

"ಹಾಗಾದ್ರೆ ಈ ಕಲ್ಲು?"

"ಇಸ್ತ್ರಿ ಮಾವ."

"ಈ ಒಂಟಿ ಚಪ್ಪಲಿ?"

"ರೇಡಿಯೋ ಚಿಕ್ಕಮ್ಮ. ಇನ್ನೊಂದು ಅವರ ಕಾಲಲ್ಲಿದೆ."

ಅವನು ನಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಒಡೆದ ಕೊಡಕ್ಕೆ ಕೈಮುಗಿದು, "ತಪ್ಪಾಯ್ತಮ್ಮ, ಗೊತ್ತಿಲ್ಲದೆ ಸಾಲಿನಿಂದ ಹೊರಗೆ ಹಾಕಿಬಿಟ್ಟೆ," ಅಂದ.

ಪಿಸು ಸೂಜಿಯನ್ನು ಅಂಗಿಯ ಬದಲು ತನ್ನ ಬೆರಳಿಗೆ ಚುಚ್ಚಿಕೊಂಡಳು.

ಯಾರಪ್ಪ ಇವನು... ಕೊಡದ ಹತ್ತಿರ ಕ್ಷಮೆ ಕೇಳುವವನು...

ಅವನು ನೀರಿನ ಕಚೇರಿಯವನು. ಕಾಯಂ ನೌಕರನಲ್ಲ, ಗುತ್ತಿಗೆಯವನು. ಹಕ್ಕುಪತ್ರವಿಲ್ಲದ ಮನೆಗಳಲ್ಲಿ ಇರುವವರಿಗೆ ನೀರು ಹೇಗೆ ಸಿಗುತ್ತಿದೆ, ಅವರು ಏನನ್ನುತ್ತಾರೆ ಅಂತ ಮನೆ ಮನೆಗೆ ಹೋಗಿ ಬರೆದುಕೊಳ್ಳುವುದು ಅವನ ಕೆಲಸ. ಸಂಜೆಯೊಳಗೆ ಓಣಿ ಅವನಿಗೂ ಹೆಸರಿಟ್ಟಿತು. ಫಾರಂ ಸಾರ್.

ಮೊದಲ ದಿನ ಯಾರೂ ಬಾಗಿಲು ತೆರೆಯಲಿಲ್ಲ. ಕಚೇರಿಯ ಕಾಗದ ಕಂಡರೆ ಆ ಓಣಿಗೆ ಅಷ್ಟು ಭಯ.

ಎರಡನೇ ದಿನ ಅವನು ಪಿಸುವಿನ ಮುಂದೆ ಬಂದು ನಿಂತ. "ನೀವು ಜೊತೆಗೆ ಬನ್ನಿ. ಮಾತಾಡೋದು ಬೇಡ. ಸುಮ್ಮನೆ ನಿಂತಿದ್ರೆ ಸಾಕು."

ಸುಮ್ಮನೆ ನಿಲ್ಲುವ ಕೆಲಸ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಅವಳನ್ನು ನೋಡಿದ ಮೇಲೆ ಬಾಗಿಲುಗಳು ತೆರೆದವು. ಫಾರಂನ ಕೊನೆಯಲ್ಲಿ ಐದು ಮುಖಗಳ ಚಿತ್ರ. ಜೋರಾಗಿ ನಗುವ ಮುಖದಿಂದ ಅಳುವ ಮುಖದವರೆಗೆ. ನೀರಿನ ಬಗ್ಗೆ ನಿಮಗೆಷ್ಟು ತೃಪ್ತಿ, ಒಂದಕ್ಕೆ ಗುರುತು ಹಾಕಿ.

"ತೃಪ್ತಿನಾ?" ಇಸ್ತ್ರಿ ಮಾವ ಕಾದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. "ಅದು ಎಷ್ಟು ಇಂಚಿನ ಪೈಪಲ್ಲಿ ಬರುತ್ತೆ ಸಾರ್?"

"ನಿಮಗೆ ಅನ್ನಿಸಿದ್ದು ಹೇಳಿ ಮಾವ."

"ನಗೋ ಮುಖಕ್ಕೇ ಹಾಕಿ. ಅಳೋ ಮುಖಕ್ಕೆ ಹಾಕಿದ್ರೆ ಯಾಕಪ್ಪ ಅಳ್ತೀಯ ಅಂತ ಕೇಳೋಕೆ ಇನ್ನೊಬ್ಬ ಬರ್ತಾನೆ. ಅವನು ನೀರಿನ ಮಾತು ಬಿಟ್ಟು ಮನೆ ಪತ್ರ ಕೇಳ್ತಾನೆ."

ಪಕ್ಕದ ಮನೆಯ ರೇಡಿಯೋ ಚಿಕ್ಕಮ್ಮನಿಗೆ ಪ್ರಶ್ನೆ ಕೇಳುವ ಅಗತ್ಯವೇ ಬರಲಿಲ್ಲ. "ಬರಕೋ ಮಗಾ. ಮೊದಲು ಗಾಳಿ ಬರುತ್ತೆ. ಆಮೇಲೆ ಕೆಂಪು ನೀರು. ಆಮೇಲೆ ಜಗಳ. ಕೊನೆಗೆ ಒಳ್ಳೇ ನೀರು, ಅಷ್ಟೊತ್ತಿಗೆ ಹನ್ನೆರಡು ಗಂಟೆ. ಹೋದ ವಾರ ನನ್ನ ಕೊಡದಲ್ಲಿ ಎರೆಹುಳ ಬಂತು. ಸೋಸಿ ಕುಡಿದ್ವಿ. ಆ ಹುಳಕ್ಕೂ ನಮಗಿಂತ ಮೊದಲು ಸರದಿ ಸಿಕ್ತು ನೋಡು."

"ಹಾಗಾದ್ರೆ ಅಳೋ ಮುಖಕ್ಕೆ ಹಾಕ್ಲಾ ಚಿಕ್ಕಮ್ಮ?"

"ಬೇಡಪ್ಪ. ಒಂಟಿ ಹೆಂಗಸಿನ ಮನೆ. ನನ್ನ ಹೆಸರಿನ ಮುಂದೆ ಅಳೋ ಮುಖ ಯಾಕೆ? ನಗೋದೇ ಇರಲಿ."

ಅವನು ಹೊರಗೆ ಬಂದು ಕಟ್ಟು ಬಿಡಿಸಿ ನೋಡಿದ. ಎಲ್ಲ ಹಾಳೆಯಲ್ಲೂ ನಗುವ ಮುಖ.

"ಇಡೀ ಊರಲ್ಲಿ ಇಷ್ಟು ಸುಖವಾಗಿರೋ ಓಣಿ ಇನ್ನೊಂದಿಲ್ಲ," ಅಂದ. ಆ ಮಾತಿನಲ್ಲಿ ತಮಾಷೆಗಿಂತ ಕಹಿಯೇ ಹೆಚ್ಚಿತ್ತು.

ನಾಲ್ಕನೇ ದಿನ ಪಿಸು ಅವನ ಅಂಗಿಯ ಎರಡನೇ ಗುಂಡಿ ಇಲ್ಲದ್ದನ್ನು ಗಮನಿಸಿದಳು. ಗಮನಿಸಿದ್ದು ಮೊದಲ ದಿನವೇ. ಕೈ ಮುಂದೆ ಮಾಡಲು ಧೈರ್ಯ ಬಂದದ್ದು ನಾಲ್ಕನೇ ದಿನ.

ಅವಳ ಹತ್ತಿರ ಅಂದು ಇದ್ದದ್ದು ನೀಲಿ ದಾರ ಮಾತ್ರ. ಅವನದು ಬಿಳಿ ಅಂಗಿ. ಅವನು ನಿಂತೇ ಇದ್ದ, ಅವಳು ಹೊಲಿದಳು. ಅವಳ ಹಣೆಗೆ ಅವನ ಗಲ್ಲ ಒಂದು ಗೇಣು ದೂರ. ಅವನು ಕಂಬದ ಹಾಗೆ ನಿಂತುಬಿಟ್ಟಿದ್ದ.

"ಉಸಿರು ಬಿಡಿ," ಅಂದಳು ಪಿಸು.

ಬಿಟ್ಟ. ಅವಳ ಮುಂಗೂದಲು ಹಾರಿತು. ದಾರ ಕಡಿಯಲು ಬಾಗಿದವಳು ಒಂದು ಕ್ಷಣ ಹೆಚ್ಚಾಗಿಯೇ ಬಾಗಿದ್ದಳು. ಅದು ಇಬ್ಬರಿಗೂ ಗೊತ್ತಾಯಿತು.

ಆರನೇ ದಿನ ಇಸ್ತ್ರಿ ಮಾವನ ಗೂಡಂಗಡಿಯ ಹಿಂದೆ, ಬಟ್ಟೆ ಒಗೆಯುವ ಚಪ್ಪಡಿ ಕಲ್ಲಿನ ಮೇಲೆ ಅವಳು ಕೂತಿದ್ದಳು. ಎದುರಿಗೆ ಅವನು, ಮೊಣಕಾಲ ಮೇಲೆ ಕಾಗದದ ಕಟ್ಟು.

"ಒಂದು ಲೆಕ್ಕ ಕೂಡ್ತಾ ಇಲ್ಲ," ಅಂದ. "ಮೂರು ಸಲ ನಲ್ಲಿ ಹತ್ರ ನಿಂತು ನೋಡಿದೆ. ಎರಡು ಗಂಟೆಯ ನೀರು ನಲವತ್ತು ಮನೆಗೆ ಮುಗಿದುಹೋಗುತ್ತೆ. ಉಳಿದ ಮೂವತ್ತು ಮನೆಯವರು ಏನು ಕುಡೀತಾರೆ?"

ಪಿಸು ಗುಂಡಿಗೆ ದಾರ ಸುತ್ತಿದಳು.

"ಈ ನಗೋ ಮುಖಗಳನ್ನ ಹೀಗೇ ಕೊಟ್ರೆ ಇನ್ನು ಹತ್ತು ವರ್ಷ ಇಲ್ಲಿಗೆ ಎರಡನೇ ನಲ್ಲಿ ಬರಲ್ಲ. ಇವರಿಗೆ ನೀರು ಸಾಲದು, ಬೇರೆ ಎಲ್ಲಿಂದಲೋ ತಗೋತಿದಾರೆ ಅಂತ ತೋರಿಸಿದ್ರೆ ಮಾತ್ರ ಬರುತ್ತೆ. ನನ್ನ ತಾಯಿನೂ ಇಂಥ ಓಣಿಯಲ್ಲೇ ನೀರು ಹೊತ್ತವಳು. ಅವಳ ಕುತ್ತಿಗೆ ಇವತ್ತಿಗೂ ಎಡಕ್ಕೆ ತಿರುಗಲ್ಲ. ನಾನು ನಿಮಗೆ ಕೆಟ್ಟದ್ದು ಮಾಡಲ್ಲ."

ಪಿಸುವಿನ ಕಾಲಡಿ ತಂಪಾಗಿತ್ತು. ಯಾಕೆಂದರೆ ಆ ಚಪ್ಪಡಿಯ ಕೆಳಗೆ ನೀರು ಹರಿಯುತ್ತಿತ್ತು.

ಮೂರು ವರ್ಷದ ಹಿಂದೆ ಇಸ್ತ್ರಿ ಮಾವನ ಹೆಂಡತಿ, ಓಣಿಗೆಲ್ಲ ಅತ್ತೆ, ಎರಡು ಕೊಡ ಹೊತ್ತು ಮೆಟ್ಟಿಲಲ್ಲಿ ಜಾರಿ ಬಿದ್ದಳು. ಅವಳ ಸೊಂಟ ಮತ್ತೆ ನೆಟ್ಟಗಾಗಲಿಲ್ಲ. ಆ ವಾರವೇ ಮಾವ ತನ್ನ ಕೈಯಾರೆ ಮಣ್ಣು ಅಗೆದು, ರಸ್ತೆಯ ದೊಡ್ಡ ಪೈಪಿಗೆ ಒಂದು ಸಣ್ಣ ಪೈಪು ಸೇರಿಸಿ, ಮೇಲೆ ಈ ಚಪ್ಪಡಿ ಮುಚ್ಚಿದ. ಓಣಿಯ ಮೇಲಿನ ತುದಿಯ ಮೂವತ್ತು ಮನೆ ಬದುಕಿದ್ದು ಆ ಪೈಪಿನಿಂದ. ಈ ವಿಷಯ ಓಣಿಯ ಕೂಸಿಗೂ ಗೊತ್ತಿತ್ತು. ಹೊರಗಿನ ಒಂದು ನೊಣಕ್ಕೂ ಗೊತ್ತಿರಲಿಲ್ಲ.

ಹೇಳಬಾರದು... ಹೇಳದಿದ್ದರೆ ಅತ್ತೆಯ ಹಾಗೆ ಇನ್ನೆಷ್ಟು ಜನ ಬೀಳಬೇಕು... ಇವನು ಒಡೆದ ಕೊಡಕ್ಕೆ ಕೈಮುಗಿದವನು...

ಅವಳು ಒಂದೂ ಮಾತಾಡಲಿಲ್ಲ. ಅಂಗಿಗಳನ್ನು ಎತ್ತಿಕೊಂಡು ಚಪ್ಪಡಿಯ ಮೇಲಿಂದ ಎದ್ದು ನಿಂತಳು. ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು.

ಅಷ್ಟೇ.

ಅವನು ಕಲ್ಲನ್ನು ನೋಡಿದ. ಸುಡುಬಿಸಿಲಿನಲ್ಲೂ ಅದರ ಅಂಚು ಒದ್ದೆಯಾಗಿತ್ತು. ಬಹಳ ಹೊತ್ತು ನೋಡಿ, ಪೆನ್ನು ತೆಗೆದ.

ಕೊನೆಯ ದಿನ ಹೊರಡುವಾಗ ಅವನು ಅಂದ: "ಎರಡನೇ ನಲ್ಲಿ ಬಂದ ದಿನ ನಾನು ಬರ್ತೀನಿ. ನಿಮ್ಮಮ್ಮನ ಹತ್ರ ಒಂದು ಮಾತು ಕೇಳೋದಿದೆ. ಕೊಡದ ಹತ್ರ ಅಲ್ಲ, ನಿಜವಾದ ಅಮ್ಮನ ಹತ್ರ."

ಪಿಸು ತಲೆ ಬಗ್ಗಿಸಿದಳು. ಆ ರಾತ್ರಿ ಅನ್ನ ಕೆಳಗಿಳಿಯಲಿಲ್ಲ. ಹಸಿವೂ ಆಗಲಿಲ್ಲ.

ಹದಿನೆಂಟು ದಿನ ಕಳೆಯಿತು.

ಹತ್ತೊಂಬತ್ತನೇ ದಿನ ಬಂದದ್ದು ನಲ್ಲಿಯಲ್ಲ. ಒಂದು ಗಾಡಿ, ಗುದ್ದಲಿ ಹಿಡಿದ ಮೂವರು, ಕಾಗದ ಹಿಡಿದ ಒಬ್ಬ ಅಧಿಕಾರಿ.

ಅವರು ಹುಡುಕಲಿಲ್ಲ. ಯಾರನ್ನೂ ಕೇಳಲಿಲ್ಲ. ನೇರವಾಗಿ ಗೂಡಂಗಡಿಯ ಹಿಂದೆ ಹೋಗಿ ಚಪ್ಪಡಿ ಎತ್ತಿದರು. ಪೈಪು ಕತ್ತರಿಸಿ ಬಾಯಿಗೆ ಸಿಮೆಂಟು ಮೆತ್ತಿದರು. ಕಾಲು ಗಂಟೆಯ ಕೆಲಸ. ಇಸ್ತ್ರಿ ಮಾವ ಪೆಟ್ಟಿಗೆ ಹಿಡಿದುಕೊಂಡೇ ನೋಡುತ್ತ ನಿಂತಿದ್ದ. ಅದರ ಕೆಳಗೆ ಯಾರದ್ದೋ ಅಂಗಿ ಸುಟ್ಟು ಓಣಿಗೆಲ್ಲ ವಾಸನೆ ಹಬ್ಬಿತು.

"ಇದನ್ನ ತೆಗೆದ್ರೆ ಎರಡನೇ ನಲ್ಲಿನಾದ್ರೂ ಕೊಡಿ ಸಾರ್," ಅಂದಳು ರೇಡಿಯೋ ಚಿಕ್ಕಮ್ಮ.

ಅಧಿಕಾರಿ ಕಾಗದ ತಿರುವಿದ. "ನಿಮ್ಮ ಓಣಿಯವರೆಲ್ಲ ತೃಪ್ತರಾಗಿದೀರಿ ಅಂತ ಇದೆಯಲ್ಲಮ್ಮ. ನೀವೇ ಗುರುತು ಹಾಕಿದೀರಿ."

ಆ ಸಂಜೆ ನಲ್ಲಿಯ ಕಟ್ಟೆಯ ಮುಂದೆ ಎಲ್ಲರೂ ಸೇರಿದರು. ಯಾರೋ ಹೇಳಿದ್ದಾರೆ. ಯಾರು?

"ಆ ಫಾರಂನವನ ಜೊತೆ ಓಡಾಡಿದ್ದು ಪಿಸು," ಅಂದ ಇಸ್ತ್ರಿ ಮಾವ, ನೆಲ ನೋಡುತ್ತ.

ಆಸ್ಪತ್ರೆಯಿಂದ ಆಗಷ್ಟೇ ಬಂದ ಅಮ್ಮ ಮುಂದೆ ನುಗ್ಗಿದಳು. ಕೈಯಲ್ಲಿನ್ನೂ ಫಿನಾಯಿಲ್ ವಾಸನೆ. ಆ ಕೈಯನ್ನು ಮಗಳ ತಲೆಯ ಮೇಲಿಟ್ಟಳು. "ಹಸಿವಾದ್ರೂ ಬಾಯಿ ಬಿಟ್ಟು ಹೇಳದ ಹುಡುಗಿ ಇದು. ಇವಳು ಅವನ ಹತ್ರ ಪೈಪಿನ ಮಾತಾಡಿದ್ರೆ ನನ್ನ ನಾಲಿಗೆ ಬಿದ್ದುಹೋಗಲಿ. ಆಡಿದೀಯೇನೇ ಒಂದು ಮಾತು?"

ಪಿಸು ತಲೆ ಅಲ್ಲಾಡಿಸಿದಳು. ಇಲ್ಲ.

ಅದು ಸುಳ್ಳಾಗಿರಲಿಲ್ಲ. ಸುಳ್ಳಿಗಿಂತ ಕೆಟ್ಟದ್ದಾಗಿತ್ತು.

ಆಗ ಎಲ್ಲರ ಕಣ್ಣೂ ಒಟ್ಟಿಗೇ ಇನ್ನೊಂದು ಕಡೆ ತಿರುಗಿದವು.

"ನಾನಾ?" ಅಂತ ನಕ್ಕಳು ರೇಡಿಯೋ ಚಿಕ್ಕಮ್ಮ. ಯಾರೂ ಜೊತೆಗೆ ನಗಲಿಲ್ಲ. "ಅಯ್ಯೋ, ನಾನು ಗಾಳಿ ಬರುತ್ತೆ ಅಂದೆ, ಎರೆಹುಳ ಬಂತು ಅಂದೆ... ಪೈಪಿನ ಸುದ್ದಿ ಎತ್ತಲೇ ಇಲ್ಲ ಕಣ್ರೋ..."

"ಕಲ್ಲಿನ ಮುಂದೆ ಕೂರಿಸಿದ್ರೂ ಕಥೆ ಹೇಳೋ ಬಾಯಿ ನಿಂದು," ಅಂದ ಇಸ್ತ್ರಿ ಮಾವ.

ಅವಳು ಹೆಚ್ಚು ಮಾತಾಡಿದಷ್ಟೂ ಓಣಿಗೆ ಅನುಮಾನ ಗಟ್ಟಿಯಾಯಿತು.

ಮಾರನೇ ದಿನ ನೀರು ಬಂತು. ಎಪ್ಪತ್ತು ಮನೆಗೂ ಈಗ ಅದೊಂದೇ ನಲ್ಲಿ. ಸಾಲು ಓಣಿಯ ತಿರುವಿನವರೆಗೂ ಬೆಳೆದಿತ್ತು. ಕೊಡಗಳು ಸರಿದವು, ಡಬ್ಬಗಳು ಸರಿದವು, ಕಲ್ಲು ಸರಿಯಿತು. ಒಂಟಿ ಚಪ್ಪಲಿ ಮಾತ್ರ ಇದ್ದಲ್ಲೇ ಉಳಿಯಿತು. ಅದನ್ನು ಬಳಸಿಕೊಂಡು ಎಲ್ಲವೂ ಮುಂದೆ ಹೋದವು.

ಪಿಸು ಕೈ ಚಾಚಿದಳು. ಚಪ್ಪಲಿಗೆ ನಾಲ್ಕು ಬೆರಳು ದೂರದಲ್ಲಿದ್ದಾಗ ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡಿತು.

ಕೈ ಹಿಂದಕ್ಕೆ ಬಂತು.

ಆ ಕೈಯನ್ನು ಅವಳು ಆಮೇಲೆ ಎಷ್ಟು ಸಲ ಒರೆಸಿಕೊಂಡಳೋ. ತೊಳೆಯಲು ನೀರೂ ಇರಲಿಲ್ಲ.

ಹನ್ನೆರಡು ಗಂಟೆಗೆ ಚಿಕ್ಕಮ್ಮ ಕೆಲಸದ ಮನೆಯಿಂದ ಬಂದಳು. ಖಾಲಿ ಸಾಲಿನಲ್ಲಿ ತನ್ನ ಚಪ್ಪಲಿ ಒಂದೇ ಬಿದ್ದಿರುವುದನ್ನು ನೋಡಿದಳು. ಅದನ್ನು ಕಾಲಿಗೆ ಹಾಕಿಕೊಂಡು, ಕೊಡ ಎತ್ತಿಕೊಂಡು, ದೊಡ್ಡ ರಸ್ತೆಯಾಚೆಗಿನ ನಲ್ಲಿಗೆ ನಡೆದಳು. ಅಲ್ಲಿಗೆ ಒಂದು ಮೈಲಿ.

ಆವತ್ತಿನಿಂದ ರೇಡಿಯೋ ನಿಂತುಹೋಯಿತು. ಅವಳು ಓಣಿಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ.

ಪಿಸು ಎಲ್ಲವನ್ನೂ ನೋಡುತ್ತಿದ್ದಳು. ನೋಡುವುದೊಂದೇ ಅವಳಿಗೆ ಗೊತ್ತಿದ್ದದ್ದು.

ಅವನು ನನ್ನನ್ನು ಮಾರಿಬಿಟ್ಟ... ಗುಂಡಿ ಹಾಕಿಸಿಕೊಂಡ, ಉಸಿರು ಹಿಡಿದು ನಿಂತ, ಎಲ್ಲ ಆ ಒಂದು ಕಲ್ಲಿಗಾಗಿ...

ನಾಲ್ಕು ತಿಂಗಳ ಮೇಲೆ, ನೀರು ಬರುವ ಒಂದು ಬೆಳಿಗ್ಗೆ, ಹೊಲಿದ ಅಂಗಿಗಳ ಗಂಟು ಹೊತ್ತು ದರ್ಜಿ ಅಂಗಡಿಗೆ ಹೊರಟವಳಿಗೆ ಓಣಿಯ ಬಾಯಲ್ಲಿ ಅವನು ಎದುರಾದ. ಬಡವಾಗಿದ್ದ. ಅದೇ ಬಿಳಿ ಅಂಗಿ. ಎರಡನೇ ಗುಂಡಿಯಲ್ಲಿ ನೀಲಿ ದಾರ.

ಅವಳು ಪಕ್ಕಕ್ಕೆ ಸರಿದು ಹೊರಟಳು.

"ಒಂದು ನಿಮಿಷ. ಇದನ್ನ ಓದಿ. ಆಮೇಲೆ ಬೇಕಾದ್ರೆ ಬೈದು ಹೋಗಿ."

ಮಡಿಚಿ ಮಡಿಚಿ ಹರಿಯುವಂತಾದ ಕಾಗದ. ಅವಳು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಮೇಲೆ ಚಪ್ಪಡಿಯ ಗುರುತು. ಅದರ ಕೆಳಗೆ ಅವನದೇ ಬರಹ: ಮೂವತ್ತು ಮನೆಗಳಿಗೆ ಇದೊಂದೇ ನೀರು. ಕೇಳಿ ಕೇಳಿ ಸಿಗದೆ ತೆಗೆದುಕೊಂಡಿದ್ದಾರೆ. ಎರಡನೇ ನಲ್ಲಿ ಕೊಡುವವರೆಗೆ ಇದನ್ನು ಮುಟ್ಟಬಾರದು.

"ಮೇಲಿನವರು ಮೇಲಿನ ಸಾಲು ಮಾತ್ರ ಓದಿದ್ರು," ಅಂದ. "ಜಗಳ ಮಾಡಿದೆ. ನಾಳೆಯಿಂದ ಬರಬೇಡ ಅಂದ್ರು. ಈಗ ಜೆರಾಕ್ಸ್ ಅಂಗಡಿಯಲ್ಲಿದೀನಿ. ನಿಮಗೆ ಮುಖ ತೋರಿಸೋಕೆ ಆಗದೆ ಇಷ್ಟು ದಿನ ಬರಲಿಲ್ಲ. ಕೋಪ ಇದೆಯಾ?"

"ಇದೆ."

"ಎಷ್ಟು?"

"ನನ್ನ ಮೇಲಿರೋದಕ್ಕಿಂತ ಕಡಿಮೆ." ಅವಳು ಕಾಗದವನ್ನು ಅದರ ಮಡಿಕೆಯಲ್ಲೇ ಮಡಿಚಿದಳು. "ನಮ್ಮವರು ಸುಳ್ಳು ಹೇಳಿದ್ದಕ್ಕೆ ನಲ್ಲಿ ಬರಲಿಲ್ಲ. ನಾನು ನಿಜ ತೋರಿಸಿದ್ದಕ್ಕೆ ಪೈಪು ಹೋಯ್ತು. ನೀವು ಬರೆದಿರಿ. ಆದ್ರೆ ಎದ್ದು ನಿಂತಿದ್ದು ನಾನು."

ಅವಳು ಇಷ್ಟು ಮಾತಾಡಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

"ಪಿಸು... ನನ್ನನ್ನ ಮದುವೆ ಆಗ್ತೀರಾ? ಬಾಡಿಗೆ ಕೋಣೆ. ಆದ್ರೆ ನಲ್ಲಿ ಮನೆಯೊಳಗೇ ಇದೆ."

"ನಲ್ಲಿ ನೋಡ್ಕೊಂಡು ಬರಲಾ?"

"ಛೆ, ಹಾಗಲ್ಲ..." ಅವನ ಮುಖ ಕೆಂಪಾಯಿತು. "ಹೊತ್ತದ್ದು ಸಾಕಲ್ವಾ ಅಂತ. ನೀವು ಬಾಯಿ ಬಿಟ್ಟು ಏನೂ ಹೇಳಿಲ್ಲ, ನಿಮ್ಮ ಮೇಲೆ ಇಲ್ಲಿ ಯಾರಿಗೂ ಅನುಮಾನ ಬಂದಿರಲ್ಲ. ಮರ್ಯಾದೆಯಿಂದ ಹೊರಟುಬಿಡಬಹುದು."

"ಅದಕ್ಕೇ ಹೊರಡೋಕೆ ಆಗ್ತಿಲ್ಲ."

ಅವಳು ರೇಡಿಯೋ ಚಿಕ್ಕಮ್ಮನ ವಿಷಯ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ. ಆಗಲೇ ಚಿಕ್ಕಮ್ಮ ಸೊಂಟದ ಮೇಲೆ ತುಂಬಿದ ಕೊಡ ಹೊತ್ತು ದೊಡ್ಡ ರಸ್ತೆ ದಾಟಿ ಬಂದಳು. ಇಬ್ಬರನ್ನೂ ನೋಡಿದಳು. ನೋಡದ ಹಾಗೆ ಓಣಿಯೊಳಗೆ ಹೋದಳು.

ಪಿಸು ಅವಳ ಬೆನ್ನನ್ನೇ ನೋಡುತ್ತಿದ್ದಳು. "ಈಗಲೇ ಹೇಳಿಬಿಡ್ತೀನಿ."

"ನಾನೂ ಬರ್ತೀನಿ. ನನ್ನದೇ ತಪ್ಪು ಅಂತ ಹೇಳ್ತೀನಿ."

"ಬೇಡ. ನೀವು ಮಾತಾಡಿದ್ರೆ ನಾನು ಮತ್ತೆ ಸುಮ್ಮನಾಗಿಬಿಡ್ತೀನಿ." ಎರಡು ಹೆಜ್ಜೆ ಇಟ್ಟವಳು ನಿಂತಳು. "ಇಲ್ಲೇ ಇರಿ. ತಿರುಗಿದ್ರೆ ಕಾಣೋ ಹಾಗೆ."

"ಇರ್ತೀನಿ."

"ಬಿಸಿಲಿದೆ."

"ಇರಲಿ."

ನಲ್ಲಿಯ ಹತ್ತಿರ ಇಪ್ಪತ್ತು ಜನರಿದ್ದರು. ಪಿಸು ಸಾಲಿನ ಪಕ್ಕ ನಿಂತಳು.

"ಚಿಕ್ಕಮ್ಮ ಹೇಳಲಿಲ್ಲ," ಅಂದಳು.

ಅದು ಪಿಸುಮಾತಾಗಿರಲಿಲ್ಲ. ಇಸ್ತ್ರಿ ಮಾವ ತಿರುಗಿ ನೋಡಿದ. ತನ್ನ ಬಾಗಿಲು ತಲುಪಿದ್ದ ಚಿಕ್ಕಮ್ಮ ಅಲ್ಲೇ ನಿಂತಳು.

"ಫಾರಂ ಸಾರ್‌ಗೆ ಪೈಪು ತೋರಿಸಿದ್ದು ನಾನು. ಚಪ್ಪಡಿ ಮೇಲೆ ಕೂತಿದ್ದೆ. ಎದ್ದು ನಿಂತೆ. ಎರಡನೇ ನಲ್ಲಿ ಬರುತ್ತೆ ಅಂದುಕೊಂಡಿದ್ದೆ. ಅಮ್ಮ ಸುಳ್ಳು ಆಣೆ ಇಡಲಿಲ್ಲ, ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದವಳು ನಾನೊಬ್ಬಳೇ."

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ...

ಅವಳು ಚಿಕ್ಕಮ್ಮನ ಹತ್ತಿರ ಹೋಗಿ ಬಾಗಿದಳು. "ಒಂದು ಚಪ್ಪಲಿ ಕೊಡಿ ಚಿಕ್ಕಮ್ಮ."

ಚಿಕ್ಕಮ್ಮ ಕೊಡವನ್ನು ಬಾಗಿಲ ಬಳಿ ಇಳಿಸಿದಳು. ಎಡಗಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದಳು, ಅಷ್ಟೇ.

ಪಿಸು ಅದನ್ನು ತಂದು ಸಾಲಿನಲ್ಲಿ, ಅಮ್ಮನ ಒಡೆದ ಕೊಡದ ಮುಂದೆ, ಅದರ ಹಳೆಯ ಜಾಗದಲ್ಲಿ ಇಟ್ಟಳು.

ನಲ್ಲಿಯ ಕೆಳಗಿನ ಕೊಡ ತುಂಬಿತು. ಎತ್ತಿದರು. ಸಾಲು ಸರಿಯಿತು. ಇಸ್ತ್ರಿ ಮಾವ ಬಾಗಿ ಚಪ್ಪಲಿಯನ್ನು ಕೈಯಿಂದ ಒಂದು ಗೇಣು ಮುಂದೆ ತಳ್ಳಿದ. ಅಲ್ಲಿಗೆ ಅವನ ಕೈ ನಿಂತಿತು. ಚಪ್ಪಲಿಗೂ ಒಡೆದ ಕೊಡಕ್ಕೂ ನಡುವೆ ಒಂದು ಗೇಣು ಖಾಲಿ ನೆಲ ಉಳಿಯಿತು.

ಪಿಸು ತಿರುಗಿ ನೋಡಿದಳು. ಓಣಿಯ ಬಾಯಲ್ಲಿ, ಬಿಸಿಲಲ್ಲಿ, ಅವನು ಹೇಳಿದ ಹಾಗೇ ನಿಂತಿದ್ದ.

ಅವಳು ಅಂಗಿಯ ಗಂಟನ್ನು ತಲೆಗೇರಿಸಿಕೊಂಡು ಅವನ ಹತ್ತಿರ ನಡೆದಳು.

"ದರ್ಜಿ ಅಂಗಡಿಗೆ ಬಟ್ಟೆ ಕೊಟ್ಟು ಬರ್ತೀನಿ," ಅಂದಳು. "ಅಮ್ಮನ ಕೊಡ ಸ್ವಲ್ಪ ಮುಂದೆ ತಳ್ತಾ ಇರ್ತೀರಾ?"